ಬಿಡುವುದು ಸರಿ, ಹೋಗುವುದು ಎಲ್ಲಿಗೆ? ಬ್ರೆಕ್ಸಿಟ್ ಜಗಳ ಮುಗಿಯದ ಕಾರಣ

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಯುನೈಟೆಡ್ ಕಿಂಗ್‌ಡಮ್ ಐರೋಪ್ಯ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೋ, ಒಕ್ಕೂಟವನ್ನು ಬಿಡಬೇಕೋ? ಉತ್ತರಕ್ಕೆ ಎರಡು ಚೌಕ. ಬಿಡಬೇಕು ಎಂದವರು 1,74,10,742 ಜನ, ಉಳಿಯಬೇಕು ಎಂದವರು 1,61,41,241 ಜನ. ಶೇಕಡಾ 51.9 ಮತ್ತು 48.1. ಮತದಾನ ಶೇ 72.2. ಎಣಿಕೆಯ ಬಗ್ಗೆ ಯಾರೂ ಗಂಭೀರ ತಕರಾರು ಎತ್ತಲಿಲ್ಲ. ಆದರೂ ಆ ತೀರ್ಪನ್ನು ಜಾರಿಗೆ ತರುವಷ್ಟರಲ್ಲಿ ಮೂರೂವರೆ ವರ್ಷ ಕಳೆಯಿತು, ಇಬ್ಬರು ಪ್ರಧಾನಿಗಳು ಕುರ್ಚಿ ಕಳೆದುಕೊಂಡರು, ಎರಡು ಸಾರ್ವತ್ರಿಕ ಚುನಾವಣೆಗಳು ನಡೆದವು, ಸುಪ್ರೀಂ ಕೋರ್ಟ್ ಎರಡು ಬಾರಿ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು.

ಇದಕ್ಕೆ ಬ್ರಿಟನ್ನಿನಲ್ಲಿ ಎರಡು ಸಿದ್ಧ ವಿವರಣೆಗಳಿವೆ. ಸೋತವರು ಸೋಲನ್ನು ಒಪ್ಪಿಕೊಳ್ಳಲಿಲ್ಲ ಎನ್ನುವುದು ಒಂದು. ಗೆದ್ದವರು ಸುಳ್ಳು ಹೇಳಿ ಗೆದ್ದರು ಎನ್ನುವುದು ಇನ್ನೊಂದು. ಎರಡರಲ್ಲೂ ನಿಜಾಂಶವಿದೆ. ಆದರೆ ಎರಡನ್ನೂ ಕೂಡಿಸಿದರೂ 2019ರಲ್ಲಿ ಆ ಸಂಸತ್ತಿನಲ್ಲಿ ನಡೆದದ್ದು ಅರ್ಥವಾಗುವುದಿಲ್ಲ. ಪ್ರಚಾರ ಶುರುವಾಗುವ ಮೊದಲೇ, ಜನಮತಗಣನೆಯ ಕಾಯ್ದೆ ಬರೆಯುವಾಗಲೇ ಎಡವಟ್ಟಾಗಿತ್ತು. ‘ಉಳಿಯುವುದು’ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ‘ಬಿಡುವುದು’ ಎಂದರೆ ಏನೆಂದು ಕಾಯ್ದೆಯಲ್ಲೂ ಇರಲಿಲ್ಲ, ಚೀಟಿಯಲ್ಲೂ ಇರಲಿಲ್ಲ, ಸರ್ಕಾರದ ಯಾವ ಕಡತದಲ್ಲೂ ಇರಲಿಲ್ಲ.

ಸಲಹೆಯೋ, ಆದೇಶವೋ?

ಒಕ್ಕೂಟದಲ್ಲಿ ಇರಬೇಕೇ ಎಂದು ಜನರನ್ನೇ ಕೇಳುತ್ತೇನೆ ಎಂದು ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಮಾತು ಕೊಟ್ಟದ್ದು 2013ರ ಜನವರಿಯಲ್ಲಿ. ಅದು ಸ್ವಂತ ಪಕ್ಷದೊಳಗಿನ ಬೇಗುದಿಯನ್ನು ತಣಿಸಲು ಕೊಟ್ಟ ಮಾತು. 2015ರ ಚುನಾವಣೆಯಲ್ಲಿ ಅನಿರೀಕ್ಷಿತವಾಗಿ ಬಹುಮತ ಬಂತು, ಮಾತು ಉಳಿಸಿಕೊಳ್ಳಲೇಬೇಕಾಯಿತು. ಜನಮತಗಣನೆಯ ಮಸೂದೆ ಕೆಳಮನೆಯಲ್ಲಿ ಎರಡನೇ ವಾಚನದಲ್ಲಿ 544–53 ಮತಗಳಿಂದ ದಾಟಿತು. ವಿರೋಧಿಸಿದವರು ಬಹುಪಾಲು ಸ್ಕಾಟಿಷ್ ನ್ಯಾಷನಲ್ ಪಾರ್ಟಿಯವರು (ಎಸ್‌ಎನ್‌ಪಿ). ಮುಂದೆ ಫಲಿತಾಂಶವನ್ನು ಪ್ರಶ್ನಿಸಿದ ಅನೇಕ ಸಂಸದರು ಅಂದು ಈ ನಿಯಮಗಳಿಗೆ ಕೈಯೆತ್ತಿದವರೇ. ಅವರ ವಾದ ಕೇಳುವಾಗ ಇದನ್ನು ಮರೆಯಬಾರದು.

ಕಾನೂನಿನ ದೃಷ್ಟಿಯಲ್ಲಿ ಆ ಜನಮತಗಣನೆ ಬರೀ ಸಲಹೆ. ಚುನಾವಣಾ ಪದ್ಧತಿ ಬದಲಿಸಬೇಕೇ ಎಂದು ಕೇಳಿದ 2011ರ ಜನಮತಗಣನೆಯ ಕಾಯ್ದೆಯಲ್ಲಿ ‘ಹೌದು’ ಗೆದ್ದರೆ ಸರ್ಕಾರ ಏನು ಮಾಡಲೇಬೇಕೆಂದು ಬರೆದಿತ್ತು. 2015ರ ಕಾಯ್ದೆಯಲ್ಲಿ ಅಂಥ ಒಂದು ಸಾಲೂ ಇಲ್ಲ. ಕನಿಷ್ಠ ಬೆಂಬಲದ ಮಿತಿಯೂ ಇಲ್ಲ. ಬ್ರಿಟನ್ನಿಗೆ ಅಂಥ ಮಿತಿ ಹೊಸದೇನಲ್ಲ: 1979ರಲ್ಲಿ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕೇ ಎಂದು ಕೇಳಿದಾಗ ಶೇ 51.6 ಜನ ಹೌದೆಂದಿದ್ದರು. ಆದರೆ ಅದು ಒಟ್ಟು ನೋಂದಾಯಿತ ಮತದಾರರಲ್ಲಿ ಶೇ 32.9 ಮಾತ್ರ, ಕಾಯ್ದೆ ಕೇಳಿದ್ದು ಶೇ 40. ಸಭೆ ಬರಲಿಲ್ಲ. ಅದೇ ಅಳತೆಗೋಲು ಹಿಡಿದರೆ 2016ರ ‘ಬಿಡಬೇಕು’ ಮತ ಒಟ್ಟು ಮತದಾರರಲ್ಲಿ ಶೇ 37.4. ನಾಲ್ಕೂ ಪ್ರಾಂತ್ಯಗಳು ಒಪ್ಪಿದರೆ ಮಾತ್ರ ಬಿಡಬೇಕು ಎಂಬ ತಿದ್ದುಪಡಿಯನ್ನು ಎಸ್‌ಎನ್‌ಪಿ ತಂದಿತ್ತು, ಅದೂ ಬಿತ್ತು. ‘ಇದು ಸಲಹೆ ತಾನೇ, ಮಿತಿ ಯಾಕೆ’ ಎಂಬ ಧೋರಣೆ ಆಗಿನದು.

ಆದರೆ ಪ್ರಚಾರದ ಹೊತ್ತಿಗೆ ಅದೇ ಸರ್ಕಾರ 93 ಲಕ್ಷ ಪೌಂಡ್ ಖರ್ಚು ಮಾಡಿ ಮನೆಮನೆಗೆ ಕರಪತ್ರ ಹಂಚಿತು. ನಿರ್ಧಾರ ನಿಮ್ಮದು, ನೀವು ತೀರ್ಮಾನಿಸಿದ್ದನ್ನು ಸರ್ಕಾರ ಜಾರಿಗೆ ತರುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. ಹೀಗೆ ಕಾನೂನಿನಲ್ಲಿ ಸಲಹೆಯಾಗಿದ್ದದ್ದು ರಾಜಕೀಯದಲ್ಲಿ ಆದೇಶವಾಯಿತು. ಬಿಡಬೇಕೆನ್ನುವವರು ಕರಪತ್ರ ತೋರಿಸಿದರು, ಉಳಿಯಬೇಕೆನ್ನುವವರು ಕಾಯ್ದೆ ತೋರಿಸಿದರು. ಇಬ್ಬರ ಕೈಯಲ್ಲೂ ಇದ್ದದ್ದು ಅಸಲಿ ದಾಖಲೆಯೇ.

ಮಿತಿಯ ಬಗೆಗಿನ ನಿಲುವು ಎಷ್ಟರಮಟ್ಟಿಗೆ ಗೆಲುವು-ಸೋಲಿನ ಮೇಲೆ ನಿಂತಿತ್ತು ಎನ್ನುವುದಕ್ಕೆ ಒಂದು ತಮಾಷೆಯ ಸಾಕ್ಷಿಯಿದೆ. ಗೆದ್ದವರಿಗೆ ಶೇ 60 ಬರದಿದ್ದರೆ, ಮತದಾನ ಶೇ 75 ಮುಟ್ಟದಿದ್ದರೆ ಮತ್ತೊಮ್ಮೆ ಜನಮತಗಣನೆ ನಡೆಸಿ ಎಂಬ ಮನವಿಗೆ ಫಲಿತಾಂಶದ ನಂತರ 41 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಸಹಿ ಹಾಕಿದವರಲ್ಲಿ ಬಹುಪಾಲು ಉಳಿಯಬೇಕೆಂದವರು. ಆದರೆ ಆ ಮನವಿಯನ್ನು ಮತದಾನಕ್ಕೆ ಮೊದಲೇ ಸಲ್ಲಿಸಿದ್ದು ಬಿಡಬೇಕೆನ್ನುವ ಬಣದ ಒಬ್ಬ ಯುವಕ, ತಮ್ಮ ಕಡೆ ಸೋಲುತ್ತದೆಂಬ ಅಂದಾಜಿನಲ್ಲಿ! ಬಿಡಬೇಕೆನ್ನುವವರ ಮುಂದಾಳು ನೈಜೆಲ್ ಫರಾಜ್ ಕೂಡ ಮತದಾನಕ್ಕೆ ಮೊದಲು, 52–48ರಲ್ಲಿ ತಾವು ಸೋತರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ ಎಂದಿದ್ದರು. ಅಂಕಿ ಅದೇ ಬಂತು, ಪಕ್ಷ ಮಾತ್ರ ಅದಲುಬದಲು.

ಯಾರಿಗೆ ಮತ ಇತ್ತು, ಯಾರಿಗೆ ಇರಲಿಲ್ಲ

ಮತದಾರರ ಪಟ್ಟಿ ಬಹುತೇಕ ಸಾರ್ವತ್ರಿಕ ಚುನಾವಣೆಯದ್ದೇ. ಅಂದರೆ ಬ್ರಿಟಿಷ್ ಮತ್ತು ಐರಿಷ್ ಪ್ರಜೆಗಳ ಜೊತೆಗೆ, ಅಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಮತವಿತ್ತು. ಕೆಲಸದ ವೀಸಾದ ಮೇಲೆ ಲಂಡನ್ನಿಗೆ ಹೋದ ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್, ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ, ಹೆಸರು ನೋಂದಾಯಿಸಿದ್ದರೆ ಮತ ಹಾಕಬಹುದಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ತೆರಿಗೆ ಕಟ್ಟುತ್ತಿದ್ದ ಪೋಲೆಂಡ್ ಅಥವಾ ಫ್ರಾನ್ಸಿನವರಿಗೆ ಮತವಿರಲಿಲ್ಲ. ಮಾಲ್ಟಾ, ಸೈಪ್ರಸ್‌ನವರಿಗೆ ಇತ್ತು, ಏಕೆಂದರೆ ಅವು ಕಾಮನ್‌ವೆಲ್ತ್‌ನಲ್ಲೂ ಇವೆ. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಸ್ಪೇನಿನಲ್ಲೋ ಫ್ರಾನ್ಸಿನಲ್ಲೋ ನೆಲೆಸಿದ್ದ ಬ್ರಿಟಿಷ್ ಪ್ರಜೆಗಳಿಗೆ ಇರಲಿಲ್ಲ. 2014ರ ಸ್ಕಾಟ್ಲೆಂಡ್ ಸ್ವಾತಂತ್ರ್ಯದ ಜನಮತಗಣನೆಯಲ್ಲಿ ಮತ ಹಾಕಿದ್ದ 16–17ರ ವಯಸ್ಸಿನವರನ್ನೂ ಈ ಬಾರಿ ಕೈಬಿಡಲಾಯಿತು. ತೀರ್ಪಿನ ಬಿಸಿ ನೇರವಾಗಿ ತಟ್ಟುವವರು ಪಟ್ಟಿಯಿಂದ ಹೊರಗಿದ್ದರು.

ದಕ್ಷಿಣ ಏಷ್ಯಾ ಮೂಲದವರ ಮತಕ್ಕೂ ಪೈಪೋಟಿ ಇತ್ತು. ಐರೋಪ್ಯರಿಗೆ ಬಾಗಿಲು ಮುಚ್ಚಿದರೆ ನಮ್ಮ ಕಡೆಯ ಅಡುಗೆಯವರಿಗೆ ವೀಸಾ ಸುಲಭವಾಗುತ್ತದೆ ಎಂಬ ಆಸೆಯನ್ನು ಕರಿ ರೆಸ್ಟೋರೆಂಟ್‌ಗಳ ಮಾಲೀಕರಲ್ಲಿ ಬಿತ್ತಿದವರಲ್ಲಿ ಆಗಿನ ಸಚಿವೆ ಪ್ರೀತಿ ಪಟೇಲ್ ಮುಖ್ಯರು. ಹೊಸ ಅಂಕ ಆಧಾರಿತ ವೀಸಾ ಬಂದದ್ದು ನಿಜ, ಆದರೆ ಅದರ ಜೊತೆ ಸಂಬಳದ ಮಿತಿಯೂ ಬಂತು. 2024ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 38,700 ಪೌಂಡ್‌ಗೆ ಏರಿತು. ಸಣ್ಣ ಊರಿನ ಹೋಟೆಲ್ ಅಡುಗೆಯವರಿಗೆ ಅಷ್ಟು ಕೊಟ್ಟು ನಡೆಸುವುದು ಆಗದ ಮಾತು.

ನಕ್ಷೆಯೂ ಒಡೆದುಹೋಗಿತ್ತು. ಇಂಗ್ಲೆಂಡ್ ಶೇ 53.4, ವೇಲ್ಸ್ ಶೇ 52.5 ಬಿಡಲು ಹೇಳಿದವು. ಸ್ಕಾಟ್ಲೆಂಡ್ ಶೇ 62, ಉತ್ತರ ಐರ್ಲೆಂಡ್ ಶೇ 55.8 ಉಳಿಯಲು ಹೇಳಿದವು. ಲಿಂಕನ್‌ಶೈರ್‌ನ ಬಾಸ್ಟನ್‌ನಲ್ಲಿ ನಾಲ್ಕರಲ್ಲಿ ಮೂರು ಮತ ಬಿಡುವ ಕಡೆ ಬಿದ್ದರೆ, ಲಂಡನ್ನಿನ ಲ್ಯಾಂಬೆತ್‌ನಲ್ಲಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಮತ ಉಳಿಯುವ ಕಡೆ. 2014ರಲ್ಲಿ ಸ್ಕಾಟ್ಲೆಂಡಿನವರಿಗೆ, ಬ್ರಿಟನ್ನಿನಲ್ಲಿ ಉಳಿದರೆ ಮಾತ್ರ ಐರೋಪ್ಯ ಒಕ್ಕೂಟದಲ್ಲಿ ಜಾಗ ಖಾತ್ರಿ ಎಂದು ಹೇಳಲಾಗಿತ್ತು. ಎರಡೇ ವರ್ಷದಲ್ಲಿ ಆ ಖಾತ್ರಿ ಹೋಯಿತು. ಅಲ್ಲಿನ ಅಸಮಾಧಾನವನ್ನು ಸೋತವರ ಗೊಣಗಾಟ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

‘ಬಿಡುವುದು’ ಎಂಬುದರೊಳಗೆ ಎಷ್ಟು ದಾರಿಗಳು

ನಾರ್ವೆ ಒಕ್ಕೂಟದ ಸದಸ್ಯನಲ್ಲ, ಆದರೆ ಒಂದೇ ನಿಯಮಗಳಡಿ ವ್ಯಾಪಾರ ನಡೆಯುವ ಅದರ ಏಕ ಮಾರುಕಟ್ಟೆಯೊಳಗಿದೆ. ಅದಕ್ಕೆ ಬದಲಾಗಿ ಜನರ ಮುಕ್ತ ಸಂಚಾರವನ್ನು ಒಪ್ಪಿಕೊಂಡಿದೆ, ಹಣವನ್ನೂ ಕಟ್ಟುತ್ತದೆ. ಟರ್ಕಿ ಸುಂಕ ಒಕ್ಕೂಟದಲ್ಲಿದೆ: ಹೊರಗಿನ ದೇಶದ ಕೈಗಾರಿಕಾ ಸರಕಿಗೆ ಐರೋಪ್ಯ ಒಕ್ಕೂಟ ಹಾಕುವ ಸುಂಕವನ್ನೇ ಹಾಕಬೇಕು, ಆ ಸರಕುಗಳಿಗೆ ಬೇರೆಯದೇ ಸುಂಕದ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಕೆನಡಾ ಮಾಡಿಕೊಂಡಿರುವುದು ಬರೀ ವ್ಯಾಪಾರ ಒಪ್ಪಂದ. ಏನೂ ಒಪ್ಪಂದವಿಲ್ಲದೆ ವಿಶ್ವ ವ್ಯಾಪಾರ ಸಂಸ್ಥೆಯ ಸಾಮಾನ್ಯ ನಿಯಮಗಳಲ್ಲಿ ನಡೆಯುವುದು ಕೊನೆಯ ದಾರಿ. ಇವೆಲ್ಲವೂ ‘ಬಿಡುವುದೇ’. ಆದರೆ ಒಂದರಲ್ಲಿ ವಲಸೆ ನಿಲ್ಲುವುದಿಲ್ಲ, ಇನ್ನೊಂದರಲ್ಲಿ ಭಾರತ-ಅಮೆರಿಕದ ಜೊತೆ ಸ್ವಂತ ಒಪ್ಪಂದ ಆಗುವುದಿಲ್ಲ, ಮತ್ತೊಂದರಲ್ಲಿ ಕಾರ್ಖಾನೆಗಳ ಪೂರೈಕೆ ಸರಪಳಿ ತುಂಡಾಗುತ್ತದೆ. 1.74 ಕೋಟಿ ಮತಗಳು ಈ ದಾರಿಗಳ ನಡುವೆ ಹೇಗೆ ಹಂಚಿಹೋಗುತ್ತವೆ ಎಂದು ಕೇಳಿದವರೇ ಇಲ್ಲ.

ಎಲ್ಲಿಗೆ ಹೋಗುವುದೆಂದು ಮನೆಯವರೇ ಒಮ್ಮತಕ್ಕೆ ಬರುವ ಮೊದಲು ಬಾಡಿಗೆ ಮನೆ ಖಾಲಿ ಮಾಡುವ ನೋಟಿಸ್ ಕೊಟ್ಟಂತೆ, ಕ್ಯಾಮರಾನ್ ನಂತರ ಬಂದ ತೆರೇಸಾ ಮೇ ಸರ್ಕಾರ 2017ರ ಮಾರ್ಚ್ 29ರಂದು ಲಿಸ್ಬನ್ ಒಪ್ಪಂದದ 50ನೇ ವಿಧಿಯಡಿ ಒಕ್ಕೂಟ ಬಿಡುವ ಪತ್ರ ಕೊಟ್ಟಿತು. ಪತ್ರ ಕೊಟ್ಟ ದಿನದಿಂದ ಎರಡು ವರ್ಷದ ಗಡುವು ಓಡತೊಡಗುತ್ತದೆ. ಗಡುವು ವಿಸ್ತರಿಸಲು ಉಳಿದ 27 ದೇಶಗಳೂ ಒಪ್ಪಬೇಕು. ಒಪ್ಪಂದವಿಲ್ಲದೆ ಗಡುವು ಮುಗಿದರೆ ಹೆಚ್ಚು ಪೆಟ್ಟು ಬಿಡುವವರಿಗೇ. ಹಾಗಾಗಿ ಚೌಕಾಸಿಯ ಬಲವೆಲ್ಲ ಆ ಒಂದು ಪತ್ರದ ಜೊತೆಗೇ ಎದುರಿನವರ ಕೈಗೆ ಹೋಯಿತು. ಮೊದಲು ಪ್ರಜೆಗಳ ಹಕ್ಕು, ಬಾಕಿ ಹಣ, ಐರ್ಲೆಂಡ್ ಗಡಿ. ವ್ಯಾಪಾರದ ಮಾತು ಆಮೇಲೆ ಎಂದು ಒಕ್ಕೂಟ ಕ್ರಮ ನಿಗದಿ ಮಾಡಿತು, ಬ್ರಿಟನ್ ಒಪ್ಪಬೇಕಾಯಿತು.

ಸಂಸತ್ತಿನ ಅನುಮತಿಯಿಲ್ಲದೆ ಈ ಪತ್ರ ಕೊಡುವಂತಿಲ್ಲ ಎಂದು ಜೀನಾ ಮಿಲ್ಲರ್ ಎಂಬುವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 8–3 ಬಹುಮತದಿಂದ ಹೇಳಿತ್ತು. ಅದರಿಂದ ಸಿಕ್ಕ ಅವಕಾಶವನ್ನು ಸಂಸತ್ತು ಬಳಸಿಕೊಂಡ ಬಗೆ ನಿರಾಶಾದಾಯಕ. ಯಾವ ದಾರಿ ಎಂದು ಮೊದಲು ಹೇಳಿ, ಆಮೇಲೆ ಅನುಮತಿ ಕೊಡುತ್ತೇವೆ ಎನ್ನಬಹುದಿತ್ತು. 498–114 ಮತಗಳಿಂದ ಎರಡನೇ ವಾಚನ ಮುಗಿಸಿ, ಷರತ್ತಿಲ್ಲದೆ ಕೊಟ್ಟುಬಿಟ್ಟರು.

2019: ಎಲ್ಲದಕ್ಕೂ ‘ಇಲ್ಲ’

ಮೇ ತಂದ ಒಪ್ಪಂದ 2019ರ ಜನವರಿ 15ರಂದು 432–202ರಿಂದ ಬಿತ್ತು. 230 ಮತಗಳ ಆ ಅಂತರ ಆಧುನಿಕ ಬ್ರಿಟನ್ನಿನಲ್ಲಿ ಯಾವ ಸರ್ಕಾರವೂ ಕಾಣದ ಸೋಲು. ಸ್ವಪಕ್ಷದ 118 ಸಂಸದರೇ ವಿರುದ್ಧ ಹಾಕಿದ್ದರು. ಮಾರ್ಚ್ 12ರಂದು 391–242, ಮಾರ್ಚ್ 29ರಂದು 344–286. ಮೂರು ಬಾರಿಯೂ ಅದನ್ನು ಬೀಳಿಸಿದ್ದು ಪರಸ್ಪರ ಕಣ್ಣೆತ್ತಿ ನೋಡದ ಎರಡು ಗುಂಪುಗಳು: ಇದು ಒಕ್ಕೂಟವನ್ನು ಪೂರ್ತಿ ಬಿಟ್ಟಂತಲ್ಲ ಎನ್ನುವವರು ಮತ್ತು ಇದಕ್ಕಿಂತ ಉಳಿಯುವುದೇ ವಾಸಿ ಎನ್ನುವವರು.

ಸರ್ಕಾರಕ್ಕೆ ಆಗದ್ದನ್ನು ತಾವೇ ಮಾಡೋಣವೆಂದು ಸಂಸದರು ಹೊರಟದ್ದು ಇಡೀ ಕಥೆಯಲ್ಲಿ ಹೆಚ್ಚು ಕಲಿಯುವಂಥ ಭಾಗ. ಮಾರ್ಚ್ 27ರಂದು ಎಂಟು ಆಯ್ಕೆಗಳನ್ನು ಮತಕ್ಕೆ ಹಾಕಿದರು, ಎಂಟೂ ಸೋತವು. ಒಪ್ಪಂದವಿಲ್ಲದೆ ಹೊರಡುವುದಕ್ಕೆ ಸಿಕ್ಕಿದ್ದು 160, ವಿರುದ್ಧ 400. ಏಪ್ರಿಲ್ 1ರಂದು ನಾಲ್ಕು ಆಯ್ಕೆಗಳು ಮತ್ತೆ ಬಂದವು. ಸುಂಕ ಒಕ್ಕೂಟದಲ್ಲಿ ಉಳಿಯುವ ಪ್ರಸ್ತಾಪ 273–276ರಿಂದ, ಬರೀ ಮೂರು ಮತಗಳಿಂದ ಸೋತಿತು. ನಾರ್ವೆ ಮಾದರಿಗೆ ಹತ್ತಿರದ್ದು 261–282. ಯಾವ ಒಪ್ಪಂದವಾದರೂ ಜನರ ಮುಂದೆ ಮತ್ತೊಮ್ಮೆ ಹೋಗಲಿ ಎಂಬುದು 280–292.

ಲೋಪ ಮತದಾನದ ವಿಧಾನದಲ್ಲೇ ಇತ್ತು. ಪ್ರತಿ ಆಯ್ಕೆಗೂ ಪ್ರತ್ಯೇಕವಾಗಿ ಹೌದು-ಇಲ್ಲ ಹೇಳಬೇಕಿತ್ತು. ತನ್ನ ಮೊದಲ ಆಯ್ಕೆ ಗೆಲ್ಲಲಿ ಎಂದು ಎರಡನೇ ಆಯ್ಕೆಯನ್ನು ಕೊಲ್ಲುವುದು ಆಗ ಲಾಭದಾಯಕ. ಎರಡನೇ ಜನಮತಗಣನೆಯ ಆಸೆ ಹೊತ್ತಿದ್ದ ಕೆಲವರು ಸುಂಕ ಒಕ್ಕೂಟದ ಪ್ರಸ್ತಾಪವನ್ನು ಬೆಂಬಲಿಸಲಿಲ್ಲ; ಆ ಮೂರು ಮತ ಅಲ್ಲಿತ್ತು. ಆಯ್ಕೆಗಳನ್ನು 1, 2, 3 ಎಂದು ಕ್ರಮದಲ್ಲಿ ಬರೆಸಿ, ಕಡಿಮೆ ಬೆಂಬಲದ್ದನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿದ್ದರೆ ಕೊನೆಗೆ ಏನೋ ಒಂದು ಉಳಿಯುತ್ತಿತ್ತು. ಉಳಿಯಬೇಕೆನ್ನುವ ಬಣ ಪೂರ್ತಿ ಗೆಲ್ಲುವ ಆಸೆಯಲ್ಲಿ ಅರ್ಧ ಗೆಲುವನ್ನು ಕೈಯಾರೆ ಬಿಟ್ಟಿತು ಎಂದೇ ಹೇಳಬೇಕು. 50ನೇ ವಿಧಿಯ ಪತ್ರ ಹಿಂಪಡೆಯಿರಿ ಎಂಬ ಮನವಿಗೆ ಆ ದಿನಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದ್ದವು. ಬ್ರಿಟನ್ ಒಂಟಿಯಾಗಿಯೇ ಪತ್ರ ಹಿಂಪಡೆಯಬಹುದು ಎಂದು ಐರೋಪ್ಯ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಹೇಳಿಯೂ ಇತ್ತು. ಆದರೆ ಸಹಿಗಳು ಸಂಸತ್ತಿನಲ್ಲಿ ಮತಗಳಾಗಲಿಲ್ಲ.

2019ರ ಡಿಸೆಂಬರ್ 12ರ ಚುನಾವಣೆಯಲ್ಲಿ, ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಪಕ್ಷಕ್ಕೆ ಶೇ 43.6 ಮತ, 365 ಸೀಟು. ಮತ್ತೊಂದು ಜನಮತಗಣನೆ ಬೇಕೆಂದ ಪಕ್ಷಗಳಿಗೆ ಒಟ್ಟಾರೆ ಬಿದ್ದ ಮತ ಅರ್ಧಕ್ಕಿಂತ ತುಸು ಹೆಚ್ಚು. ಹೆಚ್ಚು ಮತ ಪಡೆದವರೇ ಕ್ಷೇತ್ರ ಗೆಲ್ಲುವ, ನಮ್ಮಲ್ಲೂ ಇರುವ ಪದ್ಧತಿಯಲ್ಲಿ ಇದೇನು ಅಚ್ಚರಿಯಲ್ಲ. 2020ರ ಜನವರಿ 31ರಂದು ಬ್ರಿಟನ್ ಹೊರಬಂತು.

ಐರ್ಲೆಂಡ್ ಗಡಿ: ಮೂರರಲ್ಲಿ ಎರಡು ಮಾತ್ರ

ಉತ್ತರ ಐರ್ಲೆಂಡ್ ಮತ್ತು ಐರ್ಲೆಂಡ್ ಗಣರಾಜ್ಯದ ನಡುವೆ ಸುಮಾರು 500 ಕಿ.ಮೀ. ಗಡಿ, ದಾಟುವ ಜಾಗಗಳು 200ಕ್ಕೂ ಹೆಚ್ಚು. ದಶಕಗಳ ಹಿಂಸಾಚಾರಕ್ಕೆ ಕೊನೆ ಹಾಡಿದ 1998ರ ಗುಡ್ ಫ್ರೈಡೇ ಒಪ್ಪಂದದ ನಂತರ ಅಲ್ಲಿ ತಪಾಸಣಾ ಠಾಣೆಗಳಿಲ್ಲ. ಬ್ರಿಟಿಷ್ ಸರ್ಕಾರಕ್ಕೆ ಬೇಕಾದದ್ದು ಮೂರು: ಈ ಗಡಿಯಲ್ಲಿ ತಪಾಸಣೆ ಇರಬಾರದು, ಉತ್ತರ ಐರ್ಲೆಂಡ್ ಮತ್ತು ಬ್ರಿಟನ್ನಿನ ಉಳಿದ ಭಾಗದ ನಡುವೆ ಸಮುದ್ರದಲ್ಲೂ ತಪಾಸಣೆ ಇರಬಾರದು, ಇಡೀ ದೇಶ ಸುಂಕ ಒಕ್ಕೂಟ ಮತ್ತು ಏಕ ಮಾರುಕಟ್ಟೆಯಿಂದ ಹೊರಗಿರಬೇಕು. ಯಾವುದಾದರೂ ಎರಡು ಸಿಗುತ್ತವೆ, ಮೂರೂ ಒಟ್ಟಿಗೆ ಸಿಗುವುದಿಲ್ಲ. ಎರಡು ಸುಂಕ ವ್ಯವಸ್ಥೆಗಳ ಗಡಿ ಎಲ್ಲೋ ಒಂದು ಕಡೆ ಬೀಳಲೇಬೇಕು. ಮೇ ಮೂರನೆಯದನ್ನು ಸಡಿಲಿಸಿದರು, ಜಾನ್ಸನ್ ಎರಡನೆಯದನ್ನು ಬಿಟ್ಟುಕೊಟ್ಟರು. ಸ್ಕಾಟ್ಲೆಂಡಿನಿಂದ ಬೆಲ್‌ಫಾಸ್ಟ್‌ಗೆ ಹೋಗುವ ಮಾಂಸದಂಥ ಸರಕುಗಳು ತಮ್ಮದೇ ದೇಶದೊಳಗೆ ಆಮದಿನ ಕಾಗದಪತ್ರ ಹೊತ್ತು ಸಾಗಬೇಕಾಯಿತು. ಇದನ್ನು ಪ್ರತಿಭಟಿಸಿ, ಬ್ರಿಟನ್ ಜೊತೆಗೇ ಇರಬೇಕೆನ್ನುವ ಅಲ್ಲಿನ ಡಿಯುಪಿ ಪಕ್ಷ 2022ರ ಫೆಬ್ರುವರಿಯಿಂದ ಎರಡು ವರ್ಷ ಪ್ರಾಂತೀಯ ಸರ್ಕಾರವನ್ನೇ ನಿಲ್ಲಿಸಿತು. 2023ರ ವಿಂಡ್ಸರ್ ಒಪ್ಪಂದ ಸರಕನ್ನು ಹಸಿರು, ಕೆಂಪು ಎಂದು ಎರಡು ದಾರಿಗಳಲ್ಲಿ ಬೇರ್ಪಡಿಸಿತು: ಉತ್ತರ ಐರ್ಲೆಂಡಿನಲ್ಲೇ ಮಾರಾಟವಾಗುವುದಕ್ಕೆ ಹಸಿರು, ಗಡಿ ದಾಟಬಹುದಾದದ್ದಕ್ಕೆ ಕೆಂಪು. 2016ರ ಪ್ರಚಾರದಲ್ಲಿ ಇಷ್ಟು ದೊಡ್ಡ ತೊಡಕಿನ ಬಗ್ಗೆ ಇಂಗ್ಲೆಂಡಿನ ಮತದಾರರಿಗೆ ಬಿಡಿಸಿ ಹೇಳಿದವರು ವಿರಳ.

ಸುಳ್ಳು, ದಂಡ, ಕೋರ್ಟು

ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ ಎಂದು ಕೆಂಪು ಬಸ್ಸಿನ ಮೇಲೆ ಬರೆದದ್ದು ರಿಯಾಯಿತಿ ಕಳೆಯುವ ಮುಂಚಿನ ಅಂಕಿ. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿ ಮೊದಲೇ ಕಡಿತವಾಗುತ್ತಿತ್ತು, ಆ ದುಡ್ಡು ದೇಶ ಬಿಟ್ಟು ಹೋಗುತ್ತಲೇ ಇರಲಿಲ್ಲ. ವಾಸ್ತವವಾಗಿ ಹೋಗುತ್ತಿದ್ದದ್ದು 25 ಕೋಟಿಯ ಆಸುಪಾಸು, ರೈತರಿಗೆ ಮತ್ತು ಹಿಂದುಳಿದ ಪ್ರದೇಶಗಳಿಗೆ ವಾಪಸ್ಸು ಬರುತ್ತಿದ್ದದ್ದನ್ನು ಕಳೆದರೆ ಇನ್ನೂ ಕಡಿಮೆ. ಈ ಅಂಕಿ ದಾರಿ ತಪ್ಪಿಸುವಂಥದ್ದು ಎಂದು ಅಂಕಿಅಂಶ ಪ್ರಾಧಿಕಾರ ಪ್ರಚಾರದ ನಡುವೆಯೇ ಹೇಳಿತ್ತು. ಇತ್ತ ಹಣಕಾಸು ಇಲಾಖೆ, ಬಿಡುವ ಮತ ಬಿದ್ದ ಕೂಡಲೇ ಆರ್ಥಿಕ ಹಿಂಜರಿತ ಬರುತ್ತದೆ, ಲಕ್ಷಾಂತರ ಉದ್ಯೋಗ ಹೋಗುತ್ತವೆ ಎಂದಿತ್ತು. ಅದೂ ಆಗಲಿಲ್ಲ. ನಂಬಿಕೆ ಎರಡೂ ಕಡೆ ಕರಗಿತು.

ಖರ್ಚಿನ ಮಿತಿ 70 ಲಕ್ಷ ಪೌಂಡ್. ಇನ್ನೊಂದು ಗುಂಪಿನ ಮೂಲಕ ಹಣ ಹರಿಸಿ ಮಿತಿ ಮೀರಿದ್ದಕ್ಕೆ, ಬಿಡುವ ಕಡೆಯ ಅಧಿಕೃತ ಪ್ರಚಾರ ಸಂಸ್ಥೆ ‘ವೋಟ್ ಲೀವ್’ಗೆ 2018ರಲ್ಲಿ ಚುನಾವಣಾ ಆಯೋಗ 61,000 ಪೌಂಡ್ ದಂಡ ಹಾಕಿತು. ಲೆಕ್ಕಪತ್ರದ ಲೋಪಕ್ಕೆ ಉಳಿಯುವ ಕಡೆಯ ಲಿಬರಲ್ ಡೆಮಾಕ್ರಾಟ್ ಪಕ್ಷವೂ 18,000 ಪೌಂಡ್ ದಂಡ ಕಟ್ಟಿತು. ಕೋಟಿಗಟ್ಟಲೆ ಮತದ ತೀರ್ಮಾನದಲ್ಲಿ ಇಂಥ ಮೊತ್ತದ ದಂಡ ಯಾರನ್ನೂ ತಡೆಯಲಾರದು. ಅಕ್ರಮದ ಆಧಾರದಲ್ಲಿ ಫಲಿತಾಂಶಕ್ಕೆ ಬೆಲೆಯಿಲ್ಲವೆಂದು ಹೂಡಿದ ಮೊಕದ್ದಮೆ ಕೋರ್ಟಿನಲ್ಲಿ ನಿಲ್ಲಲಿಲ್ಲ. ಸ್ಥಳೀಯ ಚುನಾವಣೆಯನ್ನು ಅಕ್ರಮಕ್ಕಾಗಿ ರದ್ದು ಮಾಡುವ ದಾರಿ ಕಾನೂನಿನಲ್ಲಿದೆ, ಸಲಹೆಯ ರೂಪದ ಜನಮತಗಣನೆಗೆ ಅದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹೀಗಲ್ಲ. ದಂಪತಿಗಳ ತೆರಿಗೆ ಕುರಿತ 2016ರ ಮತದಾನಕ್ಕೆ ಮುಂಚೆ, ತೊಂದರೆಗೆ ಸಿಲುಕಿರುವ ಜೋಡಿಗಳು 80,000 ಎಂದು ಸರ್ಕಾರ ಹೇಳಿತ್ತು. ನಿಜಕ್ಕೂ ಇದ್ದದ್ದು ನಾಲ್ಕೂವರೆ ಲಕ್ಷ. ಅಂತರ ತೀರಾ ಸಣ್ಣದಿದ್ದ ಆ ಫಲಿತಾಂಶವನ್ನು 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿತು.

ನಿಯಮ ಚೆನ್ನಾಗಿ ಬರೆಯಬಹುದು ಎನ್ನುವುದಕ್ಕೆ ಬೇರೆ ಉದಾಹರಣೆಗಳೂ ಇದ್ದವು. ಗರ್ಭಪಾತ ನಿಷೇಧ ತೆಗೆಯಬೇಕೇ ಎಂದು 2018ರಲ್ಲಿ ಜನರನ್ನು ಕೇಳುವ ಮುನ್ನ ಐರ್ಲೆಂಡ್ ಸರ್ಕಾರ, ‘ಹೌದು’ ಗೆದ್ದರೆ ತರಲಿರುವ ಕಾನೂನಿನ ಕರಡನ್ನು ಪ್ರಕಟಿಸಿತ್ತು. ಚುನಾವಣಾ ಪದ್ಧತಿ ಬದಲಿಸಲು ನ್ಯೂಜಿಲೆಂಡ್ 1992ರಲ್ಲಿ ಮೊದಲು, ಬದಲಾವಣೆ ಬೇಕೇ, ಬೇಕಿದ್ದರೆ ನಾಲ್ಕರಲ್ಲಿ ಯಾವುದು ಎಂದು ಕೇಳಿತು. ಮರುವರ್ಷ ಗೆದ್ದ ಆಯ್ಕೆಯನ್ನು ಹಳೆಯದರ ಎದುರು ನಿಲ್ಲಿಸಿ, ಸರ್ಕಾರ ಪಾಲಿಸಲೇಬೇಕಾದ ಮತದಾನ ನಡೆಸಿ, ಅದರ ಫಲವನ್ನು ಒಪ್ಪಿಕೊಂಡಿತು. ಎರಡೂ ಕಡೆ ಸೋತವರಿಗೆ ಬೇಸರವಾಯಿತು, ಆದರೆ ಗೆದ್ದದ್ದು ಏನು ಎಂಬ ಬಗ್ಗೆ ಗೊಂದಲವಾಗಲಿಲ್ಲ.

ಈಗ ಲೆಕ್ಕ ಹಾಕುವ ಜಗಳ

ಬ್ರಿಟನ್ನಿನ ಹಣಕಾಸನ್ನು ಸ್ವತಂತ್ರವಾಗಿ ಅಂದಾಜು ಮಾಡುವ ಬಜೆಟ್ ಹೊಣೆಗಾರಿಕೆ ಕಚೇರಿಯ ಪ್ರಕಾರ, ಒಕ್ಕೂಟದಲ್ಲೇ ಇದ್ದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಬ್ರಿಟನ್ನಿನ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆ. ‘ಇದ್ದಿದ್ದರೆ’ ಎಂಬ ಲೆಕ್ಕವನ್ನು ಕಣ್ಣಾರೆ ನೋಡಲಾಗುವುದಿಲ್ಲ, ನಡುವೆ ಕೋವಿಡ್ ಬಂತು, ಉಕ್ರೇನ್ ಯುದ್ಧ ಬಂತು ಎಂದು ಬ್ರೆಕ್ಸಿಟ್ ಪರರು ಆಕ್ಷೇಪಿಸುತ್ತಾರೆ. ಸೇವೆಗಳ ರಫ್ತು ಚೆನ್ನಾಗಿಯೇ ಇರುವುದನ್ನೂ ತೋರಿಸುತ್ತಾರೆ. ಸಣ್ಣ ರಫ್ತುದಾರರ ಪೆಟ್ಟು ಮಾತ್ರ ಅಂದಾಜಲ್ಲ. 2020ರ ಡಿಸೆಂಬರ್ 24ರ ವ್ಯಾಪಾರ ಒಪ್ಪಂದದಲ್ಲಿ ಸುಂಕ ಸೊನ್ನೆ, ಆದರೆ ಸರಕಿನ ಮೂಲ ಸಾಬೀತು ಮಾಡಬೇಕು, ಪ್ರತಿ ರವಾನೆಗೂ ಕಸ್ಟಮ್ಸ್ ಘೋಷಣೆ ಬೇಕು, ಮಾಂಸ-ಮೀನು-ಹಾಲಿನ ಪದಾರ್ಥಕ್ಕೆ ಪಶುವೈದ್ಯರ ಅಥವಾ ಅಧಿಕೃತ ತಪಾಸಕರ ಸಹಿಯಿರುವ ಆರೋಗ್ಯ ಪ್ರಮಾಣಪತ್ರ ಬೇಕು. ಹತ್ತು ಜನರ ಸರಕು ಹೊತ್ತ ಲಾರಿಯಲ್ಲಿ ಒಬ್ಬರ ಕಾಗದ ತಪ್ಪಿದ್ದರೂ ಇಡೀ ಲಾರಿ ನಿಲ್ಲುತ್ತದೆ, ಮೀನು ಕೆಡುತ್ತದೆ. ದೊಡ್ಡ ಕಂಪನಿಗಳು ಇದಕ್ಕೊಂದು ವಿಭಾಗವನ್ನೇ ತೆರೆದವು, ಸಣ್ಣವರಲ್ಲಿ ಅನೇಕರು ಐರೋಪ್ಯ ಗಿರಾಕಿಗಳನ್ನೇ ಕೈಬಿಟ್ಟರು.

ವಲಸೆಯ ಕಥೆ ಇನ್ನೂ ವಿಚಿತ್ರ. 2015ರಲ್ಲಿ ವರ್ಷಕ್ಕೆ 3.3 ಲಕ್ಷದ ಆಸುಪಾಸು ಇದ್ದ ನಿವ್ವಳ ವಲಸೆ 2023ರ ಹೊತ್ತಿಗೆ 9 ಲಕ್ಷ ದಾಟಿ, ಆಮೇಲೆ ಇಳಿಯಿತು. ಐರೋಪ್ಯರ ಜಾಗಕ್ಕೆ ಭಾರತ, ನೈಜೀರಿಯಾದ ವಿದ್ಯಾರ್ಥಿಗಳು, ವೃದ್ಧರ ಆರೈಕೆಯ ಕೆಲಸಗಾರರು ಬಂದರು. ನಿಯಂತ್ರಣ ಮರಳಿ ಪಡೆಯುವುದೆಂದರೆ ಸಂಖ್ಯೆ ಇಳಿಸುವುದು ಎಂದು ನಂಬಿದವರಿಗೆ ಇದು ಮೋಸ. ಯಾರು ಬರಬೇಕೆಂದು ತಾವೇ ಆರಿಸುವುದು ಎಂದುಕೊಂಡವರಿಗೆ ಇದು ಹೇಳಿದ್ದನ್ನು ಮಾಡಿದಂತೆ. ಇಬ್ಬರೂ 2016ರಲ್ಲಿ ಒಂದೇ ಚೌಕದಲ್ಲಿ ಗುರುತು ಹಾಕಿದ್ದರು.

ಬಿಟ್ಟದ್ದು ತಪ್ಪು ಎನ್ನುವವರೇ ಹೆಚ್ಚು ಎಂದು ಸಮೀಕ್ಷೆಗಳು ಕೆಲವು ವರ್ಷಗಳಿಂದ ತೋರಿಸುತ್ತಿವೆ. ಆದರೂ 2024ರಲ್ಲಿ ಗೆದ್ದ ಲೇಬರ್ ಪಕ್ಷದ ಪ್ರಣಾಳಿಕೆಯಲ್ಲಿ ಏಕ ಮಾರುಕಟ್ಟೆಯೂ ಬೇಡ, ಸುಂಕ ಒಕ್ಕೂಟವೂ ಬೇಡ, ಮುಕ್ತ ಸಂಚಾರವೂ ಬೇಡ. ಮರಳಿ ಸೇರಬೇಕೆಂದರೆ 49ನೇ ವಿಧಿಯಡಿ ಹೊಸ ಅರ್ಜಿ, 27 ದೇಶಗಳ ಒಪ್ಪಿಗೆ. ಹಳೆಯ ರಿಯಾಯಿತಿ, ಯೂರೊದಿಂದ ಇದ್ದ ವಿನಾಯಿತಿ ಮತ್ತೆ ಸಿಗುವ ಭರವಸೆಯಿಲ್ಲ. ಅವನ್ನು ಬಿಟ್ಟುಕೊಟ್ಟು ಸೇರುವಿರಾ ಎಂದು ಕೇಳಿದರೆ ಸಮೀಕ್ಷೆಯ ಬೆಂಬಲ ಕುಸಿಯುತ್ತದೆ. ಹಾಗಾಗಿ ಸರ್ಕಾರ ತುಂಡುತುಂಡಾಗಿ ನಡೆಯುತ್ತಿದೆ: 2025ರ ಮೇ 19ರ ಶೃಂಗಸಭೆಯಲ್ಲಿ ಆಹಾರ ತಪಾಸಣೆ ಸಡಿಲಿಸುವ ಮಾತುಕತೆಗೆ ದಾರಿ ತೆರೆದು, ತನ್ನ ಜಲಪ್ರದೇಶದಲ್ಲಿ ಐರೋಪ್ಯ ಮೀನುಗಾರರಿಗೆ 2038ರವರೆಗೆ ಅವಕಾಶ ಕೊಟ್ಟಿತು.

ನಡುದಾರಿಯಾದ ಸುಂಕ ಒಕ್ಕೂಟಕ್ಕೆ ಮರಳುವ ಮಾತು ಆಗಾಗ ಏಳುತ್ತದೆ. ಅದಕ್ಕೆ ಈಗ ಭಾರತದ ಒಂದು ಗಂಟೂ ಬಿದ್ದಿದೆ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ಒಪ್ಪಂದದ ಪ್ರಕಾರ ಸ್ಕಾಚ್ ವಿಸ್ಕಿಯ ಮೇಲಿನ ನಮ್ಮ ಸುಂಕ ಶೇ 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ಬದಲಿಗೆ ನಮ್ಮ ಸಿದ್ಧ ಉಡುಪು, ಚರ್ಮದ ಸರಕಿಗೆ ಅಲ್ಲಿ ಸುಂಕವಿರುವುದಿಲ್ಲ. ಸುಂಕ ಒಕ್ಕೂಟ ಸೇರಿದರೆ ಬ್ರಿಟನ್ ಐರೋಪ್ಯ ಸುಂಕವನ್ನೇ ಹಾಕಬೇಕು, ಈ ಒಪ್ಪಂದದ ಸುಂಕದ ಅಧ್ಯಾಯ ಇದ್ದ ಹಾಗೇ ಉಳಿಯಲಾರದು. ಅದರ ಜೊತೆಗೇ ಒಪ್ಪಿಕೊಂಡ ಇನ್ನೊಂದು ಅಂಶ, ಬೆಂಗಳೂರಿನ ಐಟಿ ಕಂಪನಿಗಳು ಅಲ್ಪಾವಧಿಗೆ ಕಳಿಸುವ ನೌಕರರಿಗೆ ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆಯಿಂದ ವಿನಾಯಿತಿ, ಸುಂಕಕ್ಕೆ ಸಂಬಂಧಪಟ್ಟದ್ದಲ್ಲವಾದ್ದರಿಂದ ಹಾಗೇ ಇರಬಹುದು.